ಪುರಾಣವನ್ನು ಅಕ್ಷರಶಃ ಓದಬೇಕೆ? ತಲಕಾವೇರಿಯಿಂದ ಶುರುವಾಗುವ ಒಂದು ವಿಚಾರ

2021ರ ಅಕ್ಟೋಬರ್ 17ರಂದು ತಲಕಾವೇರಿಯ ತೀರ್ಥೋದ್ಭವಕ್ಕೆ, ಅಂದರೆ ಕಾವೇರಿ ಹುಟ್ಟುವ ಕುಂಡಿಕೆ ಎಂಬ ಪುಟ್ಟ ಕೊಳದಲ್ಲಿ ನೀರು ಉಕ್ಕುವ ಗಳಿಗೆಗೆ, ನಿಗದಿಯಾಗಿದ್ದ ಮುಹೂರ್ತ ಮಧ್ಯಾಹ್ನ 1.11. ಮರುವರ್ಷ ಅದೇ ತಾರೀಖು ಸಂಜೆ 7.21. 2023ರಲ್ಲಿ ಅಕ್ಟೋಬರ್ 18ರ ನಡುರಾತ್ರಿ ಕಳೆದು 1.27. 2024ರಲ್ಲಿ ಮತ್ತೆ 17ಕ್ಕೆ, ಬೆಳಗ್ಗೆ 7.40. ಈ ನಾಲ್ಕನ್ನೂ ಒಂದರ ಕೆಳಗೊಂದು ಬರೆದು ಕಳೆದು ನೋಡಿದರೆ ವರ್ಷದಿಂದ ವರ್ಷಕ್ಕೆ ಮುಹೂರ್ತವು ಆರು ಗಂಟೆ ಹತ್ತು ನಿಮಿಷದ ಆಸುಪಾಸಿನಷ್ಟು ಮುಂದಕ್ಕೆ ಸರಿಯುವುದು ಕಾಣುತ್ತದೆ. 2024 ಅಧಿಕ ವರ್ಷ, ಹಾಗಾಗಿ ತಾರೀಖು ಒಂದು ದಿನ ಹಿಂದೆ ಬಂತು, ಅಷ್ಟೆ. ಸೂರ್ಯಸಿದ್ಧಾಂತದಲ್ಲಿ ಸೌರವರ್ಷದ ಉದ್ದ 365 ದಿನ, 6 ಗಂಟೆ, 12 ನಿಮಿಷ, ಮೇಲೆ ಕೆಲವು ಸೆಕೆಂಡು. ಲೆಕ್ಕ ತಾಳೆಯಾಗುತ್ತದೆ. ತಾಳೆಯಾಗಲೇಬೇಕು, ಏಕೆಂದರೆ ಆ ನಿಮಿಷ ಸೂರ್ಯ ತುಲಾರಾಶಿಯನ್ನು ಹೊಗುವ ನಿಮಿಷ. ಪಂಚಾಂಗ ಅಚ್ಚಾಗುವ ಹೊತ್ತಿಗೇ ಅದು ಗೊತ್ತಾಗಿರುತ್ತದೆ.

ಇಷ್ಟು ಹೇಳಿದ ಕೂಡಲೇ ಎರಡು ಕಡೆಯಿಂದ ಮಾತು ಏಳುತ್ತದೆ. ಕೊಡಗಿನವರು ಚಂಗ್ರಾಂದಿ ಎನ್ನುವ ಈ ತುಲಾ ಸಂಕ್ರಮಣದ ಹಬ್ಬ ಹತ್ತಿರವಾದಂತೆ ಭಾಗಮಂಡಲದ ಬಸ್ಸಿನಲ್ಲಿ, ಮಡಿಕೇರಿಯ ಹೋಟೆಲುಗಳಲ್ಲಿ ಈ ವಾದ ಕೇಳದೆ ಇರುವುದು ಕಷ್ಟ. ಒಬ್ಬರು ಹೇಳುತ್ತಾರೆ: ಎಲ್ಲವೂ ಪಂಚಾಂಗದ ಲೆಕ್ಕ, ಗುಡ್ಡದ ಒರತೆಗೆ ರಾಶಿ ನಕ್ಷತ್ರ ಏನು ಗೊತ್ತು, ಕಾವೇರಿ ಪುರಾಣ ಬರೀ ಕಟ್ಟುಕಥೆ. ಇನ್ನೊಬ್ಬರು ಹೇಳುತ್ತಾರೆ: ಕುಂಡಿಕೆಯಲ್ಲಿ ನೀರು ಉಕ್ಕಿದ್ದನ್ನು ಕಣ್ಣಾರೆ ಕಂಡಿದ್ದೇವೆ, ಪುರಾಣದ ಒಂದಕ್ಷರವೂ ಸುಳ್ಳಲ್ಲ. ಹೊರನೋಟಕ್ಕೆ ಇವರು ಬದ್ಧ ವೈರಿಗಳು. ಒಳಗೆ ಇಬ್ಬರೂ ಒಪ್ಪಿಕೊಂಡಿರುವ ಸಂಗತಿಯೊಂದಿದೆ. ಪುರಾಣದ ವಾಕ್ಯ ಎಂದರೆ ನಡೆದದ್ದರ ವರದಿ ಎಂದು ಇಬ್ಬರೂ ನಂಬಿದ್ದಾರೆ. ಒಬ್ಬರಿಗೆ ಅದು ಸರಿಯಾದ ವರದಿ, ಇನ್ನೊಬ್ಬರಿಗೆ ತಪ್ಪು ವರದಿ. ನನ್ನ ತಕರಾರು ಇರುವುದು ಈ ಒಪ್ಪಂದದ ಮೇಲೆ. ನಮ್ಮ ಹಳೆಯ ಓದುಗರು ಇಂಥ ವಾಕ್ಯ ಎದುರಾದಾಗ ‘ಇದು ನಡೆಯಿತೇ’ ಎಂಬುದಕ್ಕಿಂತ ಮೊದಲು ‘ಇದು ಇಲ್ಲಿ ಏನು ಕೆಲಸ ಮಾಡುತ್ತಿದೆ’ ಎಂದು ಕೇಳುತ್ತಿದ್ದರು. ಆ ಕ್ರಮವನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಮೊದಲು ಕಥೆ. ಕೊಡಗಿನಲ್ಲಿ ಹೇಳುವಂತೆ, ಬ್ರಹ್ಮನ ಮಗಳನ್ನು ಕವೇರ ಮುನಿ ಸಾಕಿದ. ಅವಳು ಕಾವೇರಿ. ಅಗಸ್ತ್ಯ ಮದುವೆಯಾಗಲು ಬಂದಾಗ ಅವಳು ಷರತ್ತು ಹಾಕಿದಳು: ನನ್ನನ್ನು ಒಂಟಿಯಾಗಿ ಬಿಟ್ಟು ಹೋಗಕೂಡದು, ಹೋದರೆ ನದಿಯಾಗಿ ಹರಿದುಬಿಡುತ್ತೇನೆ. ಒಂದು ದಿನ ಅಗಸ್ತ್ಯ ಅವಳನ್ನು ಕಮಂಡಲದ ನೀರಾಗಿ ಇರಿಸಿ, ಶಿಷ್ಯರನ್ನು ಕಾವಲಿಗೆ ಬಿಟ್ಟು ಕನಕೆಯಲ್ಲಿ ಸ್ನಾನಕ್ಕೆ ಹೋದ. ಕಾವೇರಿ ಹರಿದಳು. ಶಿಷ್ಯರು ತಡೆಯಲು ಹೋದಾಗ ನೆಲದೊಳಗೆ ಮರೆಯಾಗಿ ಭಾಗಮಂಡಲದಲ್ಲಿ ಮೇಲೆ ಬಂದಳು. ಅಲ್ಲಿ ಕನಕೆ ಸೇರಿದಳು, ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರಿದಳು. ಬಲಮುರಿಯಲ್ಲಿ ಕೊಡವರು ತಡೆದು ನಿಲ್ಲಿಸಲು ನೋಡಿದಾಗ ಹರಿವಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ಹೋದವು, ಅಂದಿನಿಂದ ಕೊಡವತಿಯರು ನೆರಿಗೆಯನ್ನು ಹಿಂದೆಯೇ ಉಡುತ್ತಾರೆ.

ಇದೇ ನದಿಯ ಕೆಳಹರಿವಿಗೆ ಹೋದರೆ ಕಥೆ ಬೇರೆ. ತಮಿಳುನಾಡಿನಲ್ಲಿ ಎಲ್ಲರ ಬಾಯಲ್ಲಿರುವುದು ಗಣಪತಿ ಕಾಗೆಯಾಗಿ ಬಂದು ಅಗಸ್ತ್ಯನ ಕಮಂಡಲವನ್ನು ಉರುಳಿಸಿದ ಕಥೆ. ಹಳೆಯ ತಮಿಳು ಕಾವ್ಯ ಮಣಿಮೇಖಲೆಯಲ್ಲಿ ಕಾಗೆಯೂ ಇಲ್ಲ, ಮುನಿಸಿಕೊಂಡ ಹೆಂಡತಿಯೂ ಇಲ್ಲ. ಚೋಳರಾಜನ ಕೋರಿಕೆಗೆ ಅಗಸ್ತ್ಯ ತಾನೇ ಕಮಂಡಲ ಓರೆ ಮಾಡಿದ. ಇನ್ನು ಅಗಸ್ತ್ಯನ ಹೆಂಡತಿ ಲೋಪಾಮುದ್ರೆಯನ್ನು ಹುಡುಕಿ ಹೋದರೆ ಋಗ್ವೇದದಲ್ಲಿ ಅವಳು ಗಂಡನೊಡನೆ ನೇರವಾಗಿ ವಾದಿಸುವ ಹೆಂಗಸು. ಮಹಾಭಾರತದಲ್ಲಿ ಅಗಸ್ತ್ಯನೇ ಸೃಷ್ಟಿಸಿ ವಿದರ್ಭದ ರಾಜನಿಗೆ ಕೊಟ್ಟ ಮಗಳು. ಕಾವೇರಿ ಪುರಾಣದಲ್ಲಿ ಅವಳೇ ನದಿ.

ಅಕ್ಷರಶಃ ಓದುತ್ತೇನೆ ಎನ್ನುವವರು ಇವುಗಳಲ್ಲಿ ಯಾವುದರ ಅಕ್ಷರಗಳನ್ನು ಆರಿಸಿಕೊಳ್ಳುತ್ತಾರೆ? ಇದು ಕೊಂಕು ಪ್ರಶ್ನೆಯಲ್ಲ. ಕಾವೇರಿ ಪುರಾಣದ ಸಂಸ್ಕೃತ ಪಠ್ಯವಾದ ಕಾವೇರಿ ಮಾಹಾತ್ಮ್ಯ ತನ್ನನ್ನು ಸ್ಕಾಂದ ಪುರಾಣದ ಭಾಗ ಎಂದು ಕರೆದುಕೊಳ್ಳುತ್ತದೆ. ಆದರೆ ನೇಪಾಳದಲ್ಲಿ ಸಿಕ್ಕಿರುವ, ಕ್ರಿ.ಶ. 810ರ ತಾಳೆಗರಿಯ ಸ್ಕಾಂದಕ್ಕೂ ಇಂದು ಖಂಡ ಖಂಡಗಳಾಗಿ ಅಚ್ಚಿನಲ್ಲಿ ಸಿಗುವ ಸ್ಕಾಂದಕ್ಕೂ ಅಜಗಜಾಂತರ. ಊರೂರಿನ ಸ್ಥಳಪುರಾಣಗಳು ತಮ್ಮನ್ನು ಸ್ಕಾಂದದ ಕೊಂಬೆಗಳೆಂದು ಹೇಳಿಕೊಂಡೇ ಬೆಳೆದವು. ಇದನ್ನು ಮೋಸ ಎನ್ನುವುದು ದುಡುಕು. ತನ್ನ ಊರಿನ ಹೊಳೆಯನ್ನು ದೊಡ್ಡ ಜಗತ್ತಿನ ಕಥೆಗೆ ಕೂಡಿಸುವುದಕ್ಕೆ ಅಂದಿನವರಿಗೆ ಇದ್ದ ದಾರಿ ಅದು. ಆದರೆ ಅಂಥ ಪಠ್ಯವನ್ನು ಭೂಪತ್ರದಂತೆ ಹಿಡಿದು ತೋರಿಸುವುದು ಅದಕ್ಕೆ ಮಾಡುವ ಅನ್ಯಾಯ.

ಹಿಂದಿನವರೆಲ್ಲ ಕಣ್ಣುಮುಚ್ಚಿ ಅಕ್ಷರಶಃ ನಂಬುತ್ತಿದ್ದರು, ಈಗ ವಿಜ್ಞಾನ ಬಂದ ಮೇಲೆ ಸಂಕೇತ, ರೂಪಕ ಎಂದು ಸಮಜಾಯಿಷಿ ಹುಟ್ಟಿತು ಎಂಬ ಮಾತು ಆಗಾಗ ಕೇಳುತ್ತದೆ. ಇದು ತಪ್ಪು. ವೇದದ ಪದಗಳಿಗೆ ಅರ್ಥ ಹೇಳಲು ಹೊರಟ ಯಾಸ್ಕ ಕ್ರಿಸ್ತಪೂರ್ವ ಕಾಲದವನು. ಇಂದ್ರ ಕೊಂದ ವೃತ್ರ ಯಾರು ಎಂದು ತನ್ನ ನಿರುಕ್ತದಲ್ಲಿ ಅವನೇ ಪ್ರಶ್ನೆ ಹಾಕಿಕೊಳ್ಳುತ್ತಾನೆ. ಎರಡು ಉತ್ತರ ಕೊಡುತ್ತಾನೆ: ವೃತ್ರನೆಂದರೆ ಮೋಡ ಎನ್ನುತ್ತಾರೆ ಪದದ ಮೂಲ ಹಿಡಿದು ಅರ್ಥ ಹೇಳುವ ನೈರುಕ್ತರು, ತ್ವಷ್ಟೃವಿನ ಮಗನಾದ ಅಸುರ ಎನ್ನುತ್ತಾರೆ ನಡೆದ ಕಥೆಯೆಂದು ಓದುವ ಐತಿಹಾಸಿಕರು. ಮುಂದುವರಿದು, ನೀರು ಮತ್ತು ಬೆಳಕು ಬೆರೆತಾಗ ಮಳೆಯಾಗುತ್ತದೆ, ಅದನ್ನೇ ಉಪಮೆಯಾಗಿ ಯುದ್ಧವೆಂದು ಬಣ್ಣಿಸಿದ್ದಾರೆ ಎಂದು ಬರೆಯುತ್ತಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಡು ಓದುಗಳು ಅಕ್ಕಪಕ್ಕದಲ್ಲಿ, ಹೆಸರು ಹಿಡಿದು, ಒಂದೇ ಪುಟದಲ್ಲಿ ಕುಳಿತಿದ್ದವು. ಯಾರ ಮನಸ್ಸೂ ನೋಯಲಿಲ್ಲ, ಯಾರೂ ದೂರು ಕೊಡಲಿಲ್ಲ.

ಇದಕ್ಕಿಂತ ಮುಖ್ಯವಾದ ಕೆಲಸ ಮಾಡಿದವರು ಮೀಮಾಂಸಕರು, ವೇದವಾಕ್ಯಗಳಿಗೆ ಅರ್ಥ ನಿರ್ಣಯಿಸುವ ಶಾಸ್ತ್ರದವರು. ಆ ಶಾಸ್ತ್ರದ ಮೂಲಗ್ರಂಥವಾದ ಜೈಮಿನಿಯ ಸೂತ್ರಗಳಲ್ಲಿ ಒಂದು ಆಕ್ಷೇಪ ಬರುತ್ತದೆ: ವೇದ ಇರುವುದು ಮನುಷ್ಯನಿಗೆ ಏನು ಮಾಡಬೇಕು ಎಂದು ಹೇಳುವುದಕ್ಕೆ. ಹಾಗಾದರೆ ಏನನ್ನೂ ಮಾಡೆಂದು ಹೇಳದ ವಾಕ್ಯಗಳು, ಕಥೆ, ಹೊಗಳಿಕೆ ಇವೆಲ್ಲ ವ್ಯರ್ಥವಲ್ಲವೆ? ಉತ್ತರ ಹೀಗಿದೆ. ಅವು ಒಂಟಿಯಾಗಿ ನಿಲ್ಲುವ ವಾಕ್ಯಗಳಲ್ಲ. ‘ಇದನ್ನು ಮಾಡು’ ಎಂಬ ವಿಧಿವಾಕ್ಯದ ಜೊತೆ ಸೇರಿ ಅದನ್ನು ಹೊಗಳುತ್ತವೆ, ಮಾಡುವವನಿಗೆ ಹುರುಪು ತುಂಬುತ್ತವೆ. ಇಂಥ ವಾಕ್ಯಕ್ಕೆ ಅರ್ಥವಾದ ಎಂದು ಹೆಸರು. ‘ವಾಯು ಎಲ್ಲರಿಗಿಂತ ವೇಗದ ದೇವತೆ’ ಎಂದು ವೇದ ಹೇಳಿದರೆ ಅದು ಗಾಳಿಯ ವೇಗವನ್ನು ಅಳೆದು ಕೊಟ್ಟ ವರದಿಯಲ್ಲ. ಸಂಪತ್ತು ಬೇಕಾದವನು ವಾಯುವಿಗೆ ಆಹುತಿ ಕೊಡಲಿ, ಫಲ ಬೇಗ ಬರುತ್ತದೆ ಎಂಬ ವಿಧಿಗೆ ಒತ್ತಾಸೆ.

ಅರ್ಥವಾದದಲ್ಲೂ ಮೂರು ಬಗೆ ಮಾಡಿದರು, ಮತ್ತು ಅವುಗಳನ್ನು ಬೇರ್ಪಡಿಸುವ ಒರೆಗಲ್ಲು ಬಹಳ ಸರಳ. ವಾಕ್ಯ ಹೇಳುವುದು ಕಣ್ಣಿಗೆ ಕಾಣುವುದಕ್ಕೆ ವಿರುದ್ಧವಾಗಿದ್ದರೆ ಅದು ಗುಣವಾದ. ‘ಯೂಪವೇ ಸೂರ್ಯ’ ಎಂಬುದು ಪ್ರಸಿದ್ಧ ಉದಾಹರಣೆ. ಯಜ್ಞದ ಕಂಬ ಸೂರ್ಯನಲ್ಲ ಎಂಬುದು ಮಗುವಿಗೂ ಗೊತ್ತು, ತುಪ್ಪ ಸವರಿ ಹೊಳೆಯುವ ಅದರ ಗುಣವನ್ನು ಹಾಗೆ ಹೇಳಿದ್ದಾರೆ. ಬೇರೆ ದಾರಿಯಿಂದ ನಮಗೆ ಗೊತ್ತಿರುವುದನ್ನೇ ವಾಕ್ಯ ಹೇಳಿದರೆ ಅನುವಾದ: ‘ಬೆಂಕಿ ಚಳಿಗೆ ಮದ್ದು’. ವಿರುದ್ಧವೂ ಅಲ್ಲ, ಮೊದಲೇ ಗೊತ್ತಿದ್ದದ್ದೂ ಅಲ್ಲ ಎಂದಾದರೆ ಭೂತಾರ್ಥವಾದ: ‘ಇಂದ್ರ ವೃತ್ರನ ಮೇಲೆ ವಜ್ರ ಎತ್ತಿದ’. ಯಜ್ಞಶಾಲೆಯಲ್ಲೇ ಬದುಕಿದ ಈ ಜನ, ಶಾಸ್ತ್ರದ ಮಾತು ಕಣ್ಣಿಗೆ ವಿರುದ್ಧವಾದಾಗ ಕಣ್ಣನ್ನು ಕೀಳಬೇಕಾಗಿಲ್ಲ, ವಾಕ್ಯದ ಅರ್ಥವನ್ನು ಬದಲಿಸಬೇಕು ಎಂದು ನಿಯಮವನ್ನೇ ಮಾಡಿಟ್ಟರು.

ಈ ನಿಯಮವನ್ನು ತುಲಾಸ್ನಾನಕ್ಕೆ ಹಚ್ಚಿ ನೋಡೋಣ. ತುಲಾಮಾಸದಲ್ಲಿ ಗಂಗೆಯೂ ಸೇರಿ ಎಲ್ಲ ತೀರ್ಥಗಳು ಕಾವೇರಿಗೆ ಬರುತ್ತವೆ ಎಂದು ಮಾಹಾತ್ಮ್ಯ ಹೇಳುತ್ತದೆ. ಅಕ್ಟೋಬರ್ ತಿಂಗಳಿನಲ್ಲಿ ಕಾಶಿಗೆ ಹೋದರೆ ಗಂಗೆ ಅಲ್ಲೇ ಇರುತ್ತಾಳೆ, ರೈಲ್ವೆ ಟಿಕೆಟ್ ಇದ್ದವರು ಯಾರೂ ಪರೀಕ್ಷಿಸಬಹುದು. ಕಟ್ಟುಕಥೆ ಎನ್ನುವವರು ಇಲ್ಲಿ ಗೆದ್ದೆವೆಂದುಕೊಳ್ಳುತ್ತಾರೆ. ಅಕ್ಷರಶಃ ಎನ್ನುವವರು ಸೂಕ್ಷ್ಮರೂಪದಲ್ಲಿ ಬರುತ್ತಾಳೆ ಎಂದು ನುಣುಚಿಕೊಳ್ಳುತ್ತಾರೆ. ಮೀಮಾಂಸಕ ಇಬ್ಬರನ್ನೂ ಸುಮ್ಮನಾಗಿಸಿ ಕೇಳುತ್ತಾನೆ: ಇಲ್ಲಿ ವಿಧಿ ಯಾವುದು? ತುಲಾಮಾಸದಲ್ಲಿ ಕಾವೇರಿಯಲ್ಲಿ ಮೀಯಬೇಕು ಎಂಬುದು. ಹಾಗಾದರೆ ಗಂಗೆಯ ಮಾತು ಅದಕ್ಕೆ ಹೊಗಳಿಕೆ. ಕಾಶಿಗೆ ಹೋಗಲು ದುಡ್ಡಿಲ್ಲದ ಸಿದ್ದಾಪುರದ ಕಡೆಯ ತೋಟದ ಕಾರ್ಮಿಕನಿಗೆ ನಿನ್ನ ಹೊಳೆಯೇ ನಿನಗೆ ಸಾಕು ಎಂದು ಹೇಳುವ ಮಾತು. ಮೀಮಾಂಸಕರು ಇದನ್ನು ವೇದವಾಕ್ಯಗಳಿಗಾಗಿ ರೂಪಿಸಿದರು, ಪುರಾಣಕ್ಕಲ್ಲ ಎಂಬುದು ನಿಜ. ಆದರೆ ವೇದಕ್ಕೇ ಇಷ್ಟು ಸಲಿಗೆ ಕೊಟ್ಟವರು ಸ್ಥಳಪುರಾಣಕ್ಕೆ ಅದಕ್ಕಿಂತ ಬಿಗಿ ನಿಯಮ ಹಾಕುತ್ತಿದ್ದರು ಎಂದುಕೊಳ್ಳಲು ಕಾರಣವಿಲ್ಲ. ಮೀಮಾಂಸಕರಲ್ಲೇ ದೊಡ್ಡ ಹೆಸರಾದ ಕುಮಾರಿಲಭಟ್ಟ ಇಂದ್ರ–ಅಹಲ್ಯೆಯರ ಕಥೆಗೇ ಸೂರ್ಯ ಮತ್ತು ರಾತ್ರಿ ಎಂದು ಅರ್ಥ ಹೇಳಿ ಮುಗಿಸಿದ.

ಶಂಕರರ ಒಂದು ಮಾತನ್ನು ಅಕ್ಷರಶಃವಾದಿಗಳು ಸಾಮಾನ್ಯವಾಗಿ ಉಲ್ಲೇಖಿಸುವುದಿಲ್ಲ. ಬೆಂಕಿ ತಣ್ಣಗಿದೆ, ಬೆಳಗುವುದಿಲ್ಲ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂದು ಅವರು ಗೀತಾಭಾಷ್ಯದಲ್ಲಿ ಬರೆದಿದ್ದಾರೆ. ಹಾಗೆಂದು ಶಂಕರರನ್ನು ನಮ್ಮ ಕಾಲದ ವಿಚಾರವಾದಿಗಳ ಸಾಲಿನಲ್ಲಿ ಕೂರಿಸುವುದೂ ಆಗದು. ದೇವತೆಗಳಿಗೆ ಶರೀರವಿದೆ, ವ್ಯಾಸಾದಿಗಳು ಅವರೊಡನೆ ಎದುರಾಎದುರು ವ್ಯವಹರಿಸುತ್ತಿದ್ದರು ಎಂದು ಬ್ರಹ್ಮಸೂತ್ರಭಾಷ್ಯದಲ್ಲಿ ವಾದಿಸಿದವರೂ ಅವರೇ. ಇಂದು ನಮಗೆ ಕಾಣುವುದಿಲ್ಲವೆಂದು ಅಂದೂ ಇರಲಿಲ್ಲ ಎನ್ನಬೇಡಿ, ಇಂದು ಸಾರ್ವಭೌಮನಿಲ್ಲವೆಂದು ಎಂದೂ ಇರಲಿಲ್ಲ ಎಂದ ಹಾಗಾಗುತ್ತದೆ ಎಂಬುದು ಅವರ ತರ್ಕ. ಕಣ್ಣೆದುರಿನ ಬೆಂಕಿಯ ವಿಷಯ ಬೇರೆ, ಕಣ್ಣಿಗೆ ಸಿಗದ ದೇವತೆಯ ವಿಷಯ ಬೇರೆ.

ನಮ್ಮ ಘಟ್ಟದ ಕೆಳಗಿನ ಉಡುಪಿಯ ಮಧ್ವಾಚಾರ್ಯರು ಇನ್ನೊಂದು ದಿಕ್ಕಿನಿಂದ ಬಂದರು. ಪುರಾಣೇತಿಹಾಸಗಳನ್ನು ಅವರಷ್ಟು ಗಂಭೀರವಾಗಿ ನಿಜವೆಂದು ತೆಗೆದುಕೊಂಡ ಆಚಾರ್ಯರು ಕಡಿಮೆ. ಆದರೂ 13ನೇ ಶತಮಾನದ ಆ ಮನುಷ್ಯ ಮಹಾಭಾರತದ ಬಗ್ಗೆ ಸ್ಪಷ್ಟವಾಗಿ ಬರೆದಿಟ್ಟರು: ಕೆಲವೆಡೆ ಸೇರಿಸಿದ್ದಾರೆ, ಕೆಲವೆಡೆ ತೆಗೆದಿದ್ದಾರೆ, ಕೆಲವೆಡೆ ಹಿಂದುಮುಂದು ಮಾಡಿದ್ದಾರೆ, ಕೆಲವೆಡೆ ಅರಿಯದೆ ಕೆಡಿಸಿದ್ದಾರೆ. ಅದಕ್ಕೇ ಅದರ ತಾತ್ಪರ್ಯವನ್ನು ನಿರ್ಣಯಿಸುವ ಗ್ರಂಥವನ್ನೇ ರಚಿಸಬೇಕಾಯಿತು. ಗ್ರಂಥ ಪವಿತ್ರ ಎನ್ನುವುದಕ್ಕೂ ಕೈಯಲ್ಲಿರುವ ಪ್ರತಿಯ ಪ್ರತಿ ಅಕ್ಷರ ಪವಿತ್ರ ಎನ್ನುವುದಕ್ಕೂ ವ್ಯತ್ಯಾಸವಿದೆ ಎಂಬುದು ಅವರಿಗೆ ಗೊತ್ತಿತ್ತು.

ಇದು ಹಿಂದೂ ಶಾಸ್ತ್ರಗಳ ವಿಶೇಷವೂ ಅಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚು 1792ರಿಂದ ಇದೆ. ಅಲ್ಲಿ ಓದುವ ಬೈಬಲ್ಲಿನ ಮೊದಲ ಪುಟದಲ್ಲೇ ಸೂರ್ಯ ಹುಟ್ಟುವುದು ನಾಲ್ಕನೆಯ ದಿನ. ಸೂರ್ಯನಿಲ್ಲದೆ ಮೊದಲ ಮೂರು ದಿನ ಹೇಗೆ ಆದವು, ಬುದ್ಧಿಯಿದ್ದವರು ಇದನ್ನು ಅಕ್ಷರಶಃ ತೆಗೆದುಕೊಳ್ಳುತ್ತಾರೆಯೆ ಎಂದು 3ನೇ ಶತಮಾನದಲ್ಲಿಯೇ ಕ್ರೈಸ್ತ ಪಂಡಿತ ಓರಿಜೆನ್ ಕೇಳಿದ್ದ. ಎಮ್ಮೆಮಾಡಿನ ದರ್ಗಾಕ್ಕೆ ಹೋಗುವವರ ಕುರಾನಿನಲ್ಲಿ ಸ್ಪಷ್ಟಾರ್ಥದ ವಚನಗಳು, ಹಲವು ಅರ್ಥಕ್ಕೆ ಎಡೆಯಿರುವ ವಚನಗಳು ಎಂಬ ವಿಂಗಡಣೆ ಮೂರನೆಯ ಅಧ್ಯಾಯದಲ್ಲೇ ಇದೆ. ತರ್ಕದಿಂದ ಸಿದ್ಧವಾದದ್ದಕ್ಕೂ ವಚನದ ಮೇಲರ್ಥಕ್ಕೂ ಜಗಳ ಬಂದರೆ ಒಳ ಅರ್ಥ ಹುಡುಕಬೇಕು ಎಂದು 12ನೇ ಶತಮಾನದ ಮುಸ್ಲಿಂ ದಾರ್ಶನಿಕ ಇಬ್ನ್ ರುಶ್ದ್ ವಾದಿಸಿದ. ಕುಶಾಲನಗರದಿಂದ ಹೊಳೆ ದಾಟಿದರೆ ಬೈಲುಕುಪ್ಪೆಯ ಟಿಬೆಟ್ ಬೌದ್ಧರು; ಅವರ ದಲೈ ಲಾಮಾ ಹಳೆಯ ಗ್ರಂಥಗಳ ಮೇರುಪರ್ವತದ ಭೂಗೋಳವನ್ನು ಬಿಡಬೇಕೆಂದು ಬಹಿರಂಗವಾಗಿ ಹೇಳಿದವರು.

ಹಾಗಾದರೆ ಅಕ್ಷರಶಃ ಓದಿನ ಈ ಹಟ ಎಲ್ಲಿಂದ ಬಂತು? ಬಹುಮಟ್ಟಿಗೆ 19ನೇ ಶತಮಾನದಿಂದ. ಮುದ್ರಣ ಬಂತು, ಹತ್ತು ಪಾಠಗಳಲ್ಲಿ ಒಂದು ಅಚ್ಚಾಗಿ ಉಳಿದವು ಮರೆಗೆ ಸರಿದವು. ಮಿಷನರಿಗಳು ಬಂದರು, ನಿಮ್ಮ ಪುರಾಣ ನಿಜವಾಗಿ ನಡೆದದ್ದೋ ಇಲ್ಲವೋ ಎಂದು ಸವಾಲು ಹಾಕಿದರು. ಕೊಡಗಿಗೆ 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಬಂದ, ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ನಡೆಸಿದವನೇ ಅವನು. ಅವನ ಕನ್ನಡದ ಕೆಲಸಕ್ಕೆ ನಾವು ಋಣಿಗಳು, ಆದರೆ ಪ್ರಶ್ನೆ ಕೇಳುವ ಕ್ರಮ ಆ ಕಾಲದ್ದೇ. ಜನಗಣತಿ ಬಂತು, ನಿಮ್ಮ ಜಾತಿಯ ಮೂಲ ಯಾವುದು, ಆಧಾರ ತೋರಿಸಿ ಎಂದಿತು. ಕೋರ್ಟು ಬಂತು, ಶಾಸ್ತ್ರದ ವಾಕ್ಯವನ್ನು ಕಾಯಿದೆಯ ಕಲಮಿನಂತೆ ಓದಿತು. ಇಷ್ಟೆಲ್ಲದಕ್ಕೆ ಉತ್ತರ ಕೊಡುವ ಗಡಿಬಿಡಿಯಲ್ಲಿ ನಮ್ಮವರೂ ಪುರಾಣವನ್ನು ದಾಖಲೆ ಎಂದು ಸಾಧಿಸಲು ಹೊರಟರು. ಅಮೆರಿಕದಲ್ಲೂ ಇದೇ ಹೊತ್ತಿನಲ್ಲಿ ಡಾರ್ವಿನ್ನನಿಗೆ ಎದುರಾಗಿ ಬೈಬಲ್ಲಿನ ಅಕ್ಷರಶಃ ಓದು ಬಿಗಿಯಾಯಿತು, ವಿಕಾಸವಾದ ಕಲಿಸಿದ ಶಾಲಾಶಿಕ್ಷಕನ ಮೇಲೆ 1925ರಲ್ಲಿ ಟೆನೆಸ್ಸಿಯಲ್ಲಿ ನಡೆದ ವಿಚಾರಣೆಯವರೆಗೆ ಹೋಯಿತು.

ಈ ನಡುವೆ ಮೂರನೆಯ ಓದೊಂದು ಹುಟ್ಟಿಕೊಂಡಿದೆ, ಮೊಬೈಲಿನಲ್ಲಿ ಹರಿದಾಡುವುದು ಹೆಚ್ಚಾಗಿ ಇದೇ. ಅಗಸ್ತ್ಯ ಒಬ್ಬ ಜಲತಜ್ಞ, ಕಮಂಡಲ ಎಂದರೆ ಅಣೆಕಟ್ಟು, ಪುರಾಣವೆಲ್ಲ ಗುಪ್ತಭಾಷೆಯಲ್ಲಿ ಬರೆದ ವಿಜ್ಞಾನ. ನನಗೆ ಇದರ ಮೇಲೆ ಉಳಿದೆರಡಕ್ಕಿಂತ ಹೆಚ್ಚು ಕೋಪ. ಅಕ್ಷರಶಃ ನಂಬುವವನಿಗೆ ದೇವಿಯಾದರೂ ಇದ್ದಾಳೆ, ನಂಬದವನಿಗೆ ಒಂದು ಒಳ್ಳೆಯ ಕಥೆಯಾದರೂ ಇದೆ. ಈ ಓದಿನಲ್ಲಿ ದೇವಿಯೂ ಹೋದಳು, ಕಥೆಯೂ ಹೋಯಿತು, ಬಂದ ವಿಜ್ಞಾನಕ್ಕೆ ಸಾಕ್ಷಿಯೂ ಇಲ್ಲ.

ಹಾಗೆಂದು ಪುರಾಣದಲ್ಲಿ ನಿಸರ್ಗದ ತಿಳಿವಳಿಕೆಯೇ ಇಲ್ಲವೆಂದಲ್ಲ. ಅಗಸ್ತ್ಯ ಒಂದು ನಕ್ಷತ್ರವೂ ಹೌದು, ದಕ್ಷಿಣ ದಿಗಂತದ ಬಳಿ ಹೊಳೆಯುವ, ಆಕಾಶದಲ್ಲೇ ಎರಡನೆಯ ಅತಿ ಪ್ರಕಾಶಮಾನ ತಾರೆ. ಅದು ಮತ್ತೆ ಮುಂಜಾನೆ ಕಾಣತೊಡಗುವುದು ಮಳೆಗಾಲ ಇಳಿಮುಖವಾಗುವ ಹೊತ್ತಿಗೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಗಸ್ತ್ಯಚಾರಕ್ಕೆ ಒಂದು ಅಧ್ಯಾಯವೇ ಇದೆ, ಅಗಸ್ತ್ಯ ಉದಯಿಸಿದರೆ ಕೆಸರು ನೀರು ತಿಳಿಯಾಗುತ್ತದೆ ಎಂದು. ಕಾಳಿದಾಸನೂ ರಘುವಂಶದಲ್ಲಿ ಕುಂಭಯೋನಿಯ, ಅಂದರೆ ಅಗಸ್ತ್ಯನ, ಉದಯಕ್ಕೆ ನೀರು ತಿಳಿಯಾಯಿತು ಎನ್ನುತ್ತಾನೆ. ಜೂನ್‌ನಿಂದ ಮಣ್ಣು ಕದಡಿಕೊಂಡು ಕೆಂಪಗೆ ಹರಿದ ಹೊಳೆ ಅಕ್ಟೋಬರ್ ವೇಳೆಗೆ ತಿಳಿಗೊಳ್ಳುವುದನ್ನು ಕೊಡಗಿನಲ್ಲಿ ಇರುವವರೆಲ್ಲ ನೋಡಿದ್ದಾರೆ. ನೀರಿನ ಪಾತ್ರೆ ಹಿಡಿದ ಅಗಸ್ತ್ಯ, ತಿಳಿನೀರಾಗಿ ಪ್ರಕಟವಾಗುವ ಕಾವೇರಿ, ಗದ್ದೆಯಲ್ಲಿ ಭತ್ತ ತೆನೆಗಟ್ಟುವ ಕಾಲ, ಇವೆಲ್ಲ ಒಟ್ಟಿಗೆ ಸೇರಿರುವುದು ಆಕಸ್ಮಿಕವಲ್ಲ ಎಂದು ನನಗೆ ಅನ್ನಿಸುತ್ತದೆ. ಇದನ್ನು ಗುಪ್ತಭಾಷೆ ಎನ್ನಬೇಕಾಗಿಲ್ಲ. ಎಲ್ಲರಿಗೂ ಕಾಣುತ್ತಿದ್ದದ್ದನ್ನೇ ಎಲ್ಲರಿಗೂ ತಿಳಿಯುವ ಕಥೆಯಲ್ಲಿ ಹೇಳಿದ್ದಾರೆ.

ಕಥೆ ಹೇಗೆ ಹುಟ್ಟುತ್ತದೆ ಎಂದು ನೋಡಬೇಕಾದರೆ ಮಡಿಕೇರಿಯಲ್ಲೇ ಅನುಕೂಲವಾದ ಉದಾಹರಣೆಯಿದೆ. ಓಂಕಾರೇಶ್ವರ ದೇವಸ್ಥಾನ ಕಟ್ಟಿಸಿದವನು ಲಿಂಗರಾಜ, ವರ್ಷ 1820. ಗುಮ್ಮಟ, ಮೂಲೆಗಳಲ್ಲಿ ಮಿನಾರಿನಂಥ ಗೋಪುರಗಳು, ಮುಂದೆ ಕೊಳ. ಇನ್ನೂರು ವರ್ಷ ಎಂದರೆ ಪುರಾಣದ ಲೆಕ್ಕದಲ್ಲಿ ನಿನ್ನೆ ಮೊನ್ನೆ. ಆಗಲೇ ಅದಕ್ಕೊಂದು ಐತಿಹ್ಯ ಬೆಳೆದಿದೆ: ರಾಜ ತನ್ನ ಸ್ವಾರ್ಥಕ್ಕೆ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ, ಅವನು ಬ್ರಹ್ಮರಾಕ್ಷಸನಾಗಿ ಕಾಡಿದ, ಶಾಂತಿಗಾಗಿ ಕಾಶಿಯಿಂದ ಲಿಂಗ ತರಿಸಿ ಪ್ರತಿಷ್ಠಾಪಿಸಿದ. ಬ್ರಹ್ಮರಾಕ್ಷಸ ಇದ್ದನೇ ಎಂದು ಕೇಳಿದರೆ ಸಿಗುವ ಉತ್ತರ ಬಹಳ ಚಿಕ್ಕದು. ಅರಸನ ಬಗ್ಗೆ ಪ್ರಜೆಗಳು ಏನು ಭಾವಿಸಿದ್ದರು, ದೊಡ್ಡ ದೇವಸ್ಥಾನ ಕಟ್ಟಿಸಿದರೂ ಅವನನ್ನು ಯಾವುದಕ್ಕೆ ಕ್ಷಮಿಸಲಿಲ್ಲ ಎಂದು ಕೇಳಿದರೆ ಆ ಐತಿಹ್ಯ ಬಹಳಷ್ಟು ಹೇಳುತ್ತದೆ. ಆಸ್ಥಾನದಲ್ಲಿ ಇದನ್ನು ಬರೆದಿಡುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

ಅಕ್ಷರಶಃ ಓದಿನಿಂದ ಪೆಟ್ಟು ಬೀಳುವುದು ಪವಾಡದ ವಿಷಯದಲ್ಲಲ್ಲ. ಕುಂಡಿಕೆಯಲ್ಲಿ ತಾಯಿ ಬಂದಳು ಎಂದು ನಂಬಿ ಒಂದು ಬಾಟಲಿ ತೀರ್ಥ ಮನೆಗೆ ಒಯ್ದರೆ ಯಾರಿಗೂ ನಷ್ಟವಿಲ್ಲ. ಪೆಟ್ಟು ಬೀಳುವುದು ವಂಶಾವಳಿಯ ವಿಷಯದಲ್ಲಿ. ಕಾವೇರಿ ಮಾಹಾತ್ಮ್ಯದಲ್ಲಿ ಮತ್ಸ್ಯದೇಶದ ರಾಜ ಸಿದ್ಧಾರ್ಥನ ಮಗ ಚಂದ್ರವರ್ಮ ಈ ನಾಡಿಗೆ ಬಂದು, ಪಾರ್ವತಿಯ ವರ ಪಡೆದು, ಇಲ್ಲಿಯ ಅರಸನಾದನೆಂದೂ ಅವನ ಸಂತತಿಯೇ ಕೊಡವರೆಂದೂ ಇದೆ. ಇದನ್ನು ಅಕ್ಷರಶಃ ಓದಿದರೆ ಯಾರು ಕ್ಷತ್ರಿಯರು, ಯಾರು ಮೊದಲು ಬಂದವರು, ನೆಲ ಯಾರದು ಎಂಬ ಜಗಳಕ್ಕೆ ಅದು ಸಾಕ್ಷಿಯಾಗಿ ಬಂದು ನಿಲ್ಲುತ್ತದೆ. ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಕುರಿತು ಪ್ರಕಟಿಸಿದ ಅಧ್ಯಯನದಲ್ಲಿಯೇ ಸಂಸ್ಕೃತೀಕರಣ ಎಂಬ ಪರಿಕಲ್ಪನೆ ಮುಂದಿಟ್ಟರು: ಸ್ಥಳೀಯ ಸಮುದಾಯಗಳು ಸಂಸ್ಕೃತ ಪರಂಪರೆಯ ಕಥೆ, ಆಚಾರಗಳನ್ನು ತಮ್ಮದಾಗಿಸಿಕೊಂಡು ಮೇಲಿನ ಸ್ಥಾನ ಕೇಳುವ ಬಗೆ. ಚಂದ್ರವರ್ಮನ ಕಥೆ ಮಾಡುವ ಕೆಲಸ ಅಂಥದ್ದು ಎಂದು ಗೊತ್ತಾದರೆ ಅದರ ಬೆಲೆ ಕಡಿಮೆಯಾಗುವುದಿಲ್ಲ, ಆದರೆ ಅದನ್ನು ಪಹಣಿಯ ಜಾಗದಲ್ಲಿ ಇಡುವ ಆಸೆ ಇಳಿಯಬಹುದು. ನಾಡಿನ ಎರವರು, ಕುರುಬರು, ಕುಡಿಯರು ತಮ್ಮ ಮೂಲವನ್ನು ಹೇಳಿಕೊಳ್ಳುವ ಕಥೆಗಳಿಗೆ ಸ್ಕಾಂದ ಪುರಾಣದ ಮೊಹರು ಇಲ್ಲ ಎಂಬ ಒಂದೇ ಕಾರಣಕ್ಕೆ ಅವು ಹಿಂದೆ ಬೀಳಬೇಕೆ?

ಮಜವೆಂದರೆ ಚಂದ್ರವರ್ಮನನ್ನು ಕಂಡು ನಗುವವರಲ್ಲೇ ಎಷ್ಟೋ ಮಂದಿ ನಾವು ಅಲೆಕ್ಸಾಂಡರನ ಸೈನಿಕರ ವಂಶದವರು ಎಂದು ಗಂಭೀರವಾಗಿ ಹೇಳುತ್ತಾರೆ. ಕುಪ್ಯವೆಂಬ ನಿಲುವಂಗಿ ನೋಡಿ, ಸೊಂಟದ ಪೀಚೆಕತ್ತಿ ನೋಡಿ, ಮೂಗು ನೋಡಿ ಎನ್ನುತ್ತಾರೆ. ಇದಕ್ಕೆ ಶಾಸನವಿಲ್ಲ, ದಾಖಲೆಯಿಲ್ಲ. ಪಾರ್ವತಿಯ ಜಾಗದಲ್ಲಿ ಗ್ರೀಕರು ಬಂದು ಕುಳಿತಿದ್ದಾರೆ, ಕಥೆಯ ಕೆಲಸ ಅದೇ.

ಇಷ್ಟಕ್ಕೂ ಕೊಡಗಿನ ಬದುಕಿನಲ್ಲಿ ಸಂಸ್ಕೃತ ಗ್ರಂಥಕ್ಕಿಂತ ದುಡಿಯ ಹಾಡಿಗೆ ಹೆಚ್ಚು ಸಲುಗೆ. ನಾಲ್ವರು ಗಂಡಸರು ದುಡಿ ಬಡಿಯುತ್ತ ‘ಬಾಳೋ ಬಾಳೋ’ ಎಂದು ಎತ್ತಿಕೊಳ್ಳುವ ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪ ಸಂಗ್ರಹಿಸಿ 1924ರಲ್ಲಿ ಪಟ್ಟೋಲೆ ಪಳಮೆ ಎಂದು ಪ್ರಕಟಿಸಿದರು. ಅಲ್ಲಿ ಇಗ್ಗುತಪ್ಪ ಅಣ್ಣತಮ್ಮಂದಿರೊಡನೆ, ತಂಗಿಯೊಡನೆ ಸಮುದ್ರದ ಕಡೆಯಿಂದ, ಮಲೆಯಾಳದಿಂದ ಬಂದ ದೇವರು. ಮಳೆಯ ದೇವರು, ಬೆಳೆಯ ದೇವರು, ಸುಗ್ಗಿಹಬ್ಬ ಪುತ್ತರಿಯ ದಿನ ಗೊತ್ತುಮಾಡುವುದು ಕಕ್ಕಬ್ಬೆ ಬಳಿಯ ಪಾಡಿಯಲ್ಲಿರುವ ಅವನ ಸನ್ನಿಧಿಯಲ್ಲಿ. ಹಾಡುವವರು ಬದಲಾದಂತೆ ಸಾಲುಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಅಕ್ಷರಶಃ ಎಂಬ ಮಾತಿಗೆ ಇಲ್ಲಿ ಎಡೆಯೇ ಇಲ್ಲ, ಅಕ್ಷರಕ್ಕೆ ಇಳಿಯುವ ಮೊದಲೇ ಆ ಹಾಡು ಶತಮಾನಗಳ ಕಾಲ ಬದುಕಿತ್ತು.

ಚಂಗ್ರಾಂದಿಯ ಆಚರಣೆಯನ್ನೇ ನೋಡಿ. ಹಿಂದಿನ ದಿನ ಗದ್ದೆಯಲ್ಲಿ, ಬಾವಿಯ ಬಳಿ ಬಳ್ಳಿ ಸುತ್ತಿದ ಬೊತ್ತ್ ಎಂಬ ಕೋಲು ನೆಡುತ್ತಾರೆ. ಕಣಿಪೂಜೆಗೆ ಒಂದು ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಪತ್ತಾಕು ಎಂಬ ಕೊರಳ ಸರ ತೊಡಿಸಿ, ಹೂ ಬಳೆ ಇಟ್ಟು, ಇದೇ ಕಾವೇರಿ ಎಂದು ಮನೆಮಂದಿಯೆಲ್ಲ ಅಕ್ಕಿ ಹಾಕಿ ನಮಸ್ಕರಿಸುತ್ತಾರೆ. ಅಂದು ಮಾಂಸವಿಲ್ಲ, ದೋಸೆ ಮತ್ತು ಕುಂಬಳಕಾಯಿಯ ಪದಾರ್ಥ. ಪೂಜೆ ಮಾಡುವ ಅಜ್ಜಿಗೆ ಅದು ಸೌತೆಕಾಯಿ ಎಂಬುದು ಚೆನ್ನಾಗಿ ಗೊತ್ತು, ಅದು ಕಾವೇರಮ್ಮೆ ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತು. ಎರಡು ತಿಳಿವಳಿಕೆಯ ನಡುವೆ ಆಕೆಗೆ ಜಗಳವಿಲ್ಲ. ಮೊಮ್ಮಗಳು ‘ಅವ್ವಯ್ಯ, ಇದೆಲ್ಲ ನಿಜವಾಗಿ ನಡೆದದ್ದಾ’ ಎಂದು ಕೇಳಿದರೆ ಅಜ್ಜಿ ಹೇಳುವ ಉತ್ತರ ಸಾಮಾನ್ಯವಾಗಿ ‘ಮೊದಲು ಅಕ್ಕಿ ಹಾಕು’ ಎಂಬಂಥದ್ದು. ಪ್ರಶ್ನೆ ತಪ್ಪಿಸುವ ಉಪಾಯವೆಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಜೈಮಿನಿ ಹೇಳಿದ್ದೂ ಅದನ್ನೇ: ವಿಧಿ ಮೊದಲು, ಕಥೆ ಅದಕ್ಕೆ ಬೆಂಬಲ.

ಆದರೆ ಒಂದು ಕಡೆ ಗೆರೆ ಎಳೆಯಲೇಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಪಕ್ಕದ ಗಜಗಿರಿಯೇ ಜಾರಿ ಅಲ್ಲಿದ್ದ ಮನೆಯನ್ನು ಹೂತುಹಾಕಿತು, ಜೀವಗಳು ಹೋದವು. ದೇವಿಯ ಕೋಪ ಎಂದರು ಹಲವರು. ದುಃಖದಲ್ಲಿ ಬಂದ ಮಾತನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅದನ್ನೇ ಕಾರಣವೆಂದು ಬರೆದುಕೊಂಡರೆ ಮುಂದಿನ ಮಳೆಗಾಲಕ್ಕೆ ಮಾಡಬೇಕಾದದ್ದು ಪ್ರಾಯಶ್ಚಿತ್ತ ಮಾತ್ರವಾಗುತ್ತದೆ. ಇಲ್ಲಿ ಮೀಮಾಂಸಕರ ನಿಯಮವೇ ಸಾಕು: ಬೇರೆ ಪ್ರಮಾಣದಿಂದ ತಿಳಿಯಬಹುದಾದ ಸಂಗತಿಗೆ ಶಾಸ್ತ್ರವನ್ನು ಕೇಳಬೇಡಿ. ಸತತ ಭಾರಿ ಮಳೆ, ನೀರು ಕುಡಿದು ಭಾರವಾದ ಮಣ್ಣು, ರಸ್ತೆಗೂ ಕಟ್ಟಡಕ್ಕೂ ಕಡಿದು ಕಡಿದಾಗಿಸಿದ ಇಳಿಜಾರು, ಇವನ್ನು ಅಳೆಯಬಹುದು.

ದೇವರಕಾಡುಗಳ ವಿಷಯದಲ್ಲಿ ಇದೇ ಪ್ರಶ್ನೆ ತಿರುಗಿ ನಿಲ್ಲುತ್ತದೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಯ್ಯಪ್ಪ ಅಲ್ಲಿ ನಾಯಿಗಳೊಡನೆ ಬೇಟೆಯಾಡುತ್ತಾನೆಂದು ಮಣ್ಣಿನ ನಾಯಿಗಳನ್ನು ಹರಕೆ ಕೊಡುತ್ತಾರೆ, ಮರ ಕಡಿಯಬಾರದು ಎಂಬ ವಿಧಿಗೆ ಅದು ಅರ್ಥವಾದ. 1905ರಲ್ಲಿ 6,000 ಹೆಕ್ಟೇರ್ ಮೀರಿದ್ದ ಈ ಕಾಡುಗಳು 1985ರ ಹೊತ್ತಿಗೆ 2,500ರ ಆಸುಪಾಸಿಗೆ ಇಳಿದಿದ್ದವು. ನಂಬಿಕೆ ಕಡಿಮೆಯಾಗಿ ಕಾಡು ಹೋಯಿತು ಎನ್ನುವುದು ಸುಲಭ. ಒತ್ತುವರಿ ಮಾಡಿದವರೆಲ್ಲ ನಾಸ್ತಿಕರಾಗಿದ್ದರು ಎಂದು ನಾನಂತೂ ಕೇಳಿಲ್ಲ. ಅಯ್ಯಪ್ಪನ ಬೇಟೆಯನ್ನು ಅಕ್ಷರಶಃ ನಂಬುತ್ತಲೇ ಕಾಫಿ ಗಿಡಕ್ಕೆ ಜಾಗ ಮಾಡಿಕೊಳ್ಳಬಹುದು, ಒಂದಿಷ್ಟೂ ನಂಬದೆ ಆ ಕಾಡಿನ ಗಡಿ ಕಾಯಲೂಬಹುದು. ಇನ್ನು ಯಾವ ಇಳಿಜಾರಿನಲ್ಲಿ ಮಣ್ಣು ಅಗೆಯಬಾರದು ಎಂಬುದನ್ನು ಪುರಾಣದಲ್ಲಿ ಹುಡುಕಬೇಕಾಗಿಲ್ಲ, ಅದು ಭೂವಿಜ್ಞಾನಿಗಳ ವರದಿಗಳಲ್ಲಿದೆ. ಅಕ್ಷರಶಃ ಓದಲೆಂದೇ ಬರೆದ ಆ ವರದಿಗಳನ್ನು ಮಾತ್ರ ಹೋಂಸ್ಟೇ ಕಟ್ಟುವವರೂ ಪರವಾನಗಿ ಕೊಡುವವರೂ ರೂಪಕದಂತೆ ಓದುತ್ತಿದ್ದಾರೆ.